ಸದ್ದು ಬ್ಯಾರೆ ಅದೆ

ಮಳೆ ಹಿಡಿಯೋ ಮೊದಲು ಎಲ್ಲ ರೈತರಿಗೂ ಇರುವ ಕೆಲಸಗಳ ಜೊತೆ ನನಗೆ ಇನ್ನೊಂದಿದೆ: ದೋಣಿಯ ಇಂಜಿನ್ ಬಿಚ್ಚಿ, ತೊಳೆದು, ಒಳಗಿಡೋದು. ನಮ್ಮ ಮನೆ, ತೆಂಗಿನ ತೋಟ ಇರೋದು ಹೊನ್ನಾವರದ ಹತ್ತಿರ, ಶರಾವತಿ ನಡುವಿನ ಕುರ್ವೆಯಲ್ಲಿ. ಕಾಯಿ ಸಾಗಿಸೋದು, ಗೊಬ್ಬರ ತರೋದು ಎಲ್ಲ ದೋಣಿಯಲ್ಲೇ. ಇಂಜಿನ್ ಎಂಟು ಎಚ್‌ಪಿಯ ಹಳೇ ಟೂ-ಸ್ಟ್ರೋಕ್, ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು. "ಇನ್ನೂ ಅದೇನಾ?" ಅಂತ ಕೇಳೋರಿದ್ದಾರೆ. ಹೌದು, ಅದೇ. ಒಮ್ಮೆ ನಾನೇ ಅದನ್ನ ಕೊಂದದ್ದೂ ಹೌದು.

ಆ ವರ್ಷ ಮಳೆಗಾಲ ಪೂರ್ತಿ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಟ್ಟು ಇಂಜಿನ್ನನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಮಳೆ ಮುಗಿದ ಮೇಲೆ ಹಗ್ಗ ಎಳೆದೆ, ಶುರುವಾಯ್ತು. ಮುನ್ನೂರು ಕಾಯಿ ತುಂಬಿ ಅಪ್ಪನನ್ನೂ ಕೂರಿಸಿಕೊಂಡು ಹೊರಟೆ. ಹೊಳೆ ನಡುವೆ ಇಂಜಿನ್ ತಾನಾಗಿ ಜೋರಾಯ್ತು. ಹಗುರ, ಚುರುಕು. ನನಗೆ ಖುಷಿ. ಅಪ್ಪ ತಿರುಗಿ ನೋಡಿ, "ತಮಾ, ಸದ್ದು ಬ್ಯಾರೆ ಅದೆ, ನಿಲ್ಸು" ಅಂದರು. ನಾನು ನಕ್ಕೆ. ಎರಡು ನಿಮಿಷದಲ್ಲಿ ಕಿರ್ ಅಂತ ಜಾಮ್.

ಇಳಿತದ ಹೊತ್ತು. ನೀರು ಅಳಿವೆ ಕಡೆ ಎಳೀತಿತ್ತು. ದೋಣಿಯಲ್ಲಿ ಇದ್ದದ್ದು ಒಂದೇ ಹುಟ್ಟು. ಇಬ್ಬರೂ ಸರದಿ ಮೇಲೆ ಹಾಕಿದೆವು, ದಡ ಮಾತ್ರ ಹತ್ತಿರ ಬರಲಿಲ್ಲ. ಕೊನೆಗೆ ಮೀನಿನ ದೋಣಿಯವರು ಹಗ್ಗ ಎಸೆದರು. ಮರುದಿನ ಅಪ್ಪನಿಗೆ ಬಲಗೈ ಎತ್ತಲು ಆಗಲಿಲ್ಲ. ಬೈಯಲೂ ಇಲ್ಲ.

ಬಿಚ್ಚಿ ನೋಡಿದರೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು. ಒಣಗಿದ ಪೆಟ್ರೋಲಿನ ಅಂಟು ಜೆಟ್ಟಿನ ಸಣ್ಣ ತೂತನ್ನು ಅರ್ಧ ಮುಚ್ಚಿತ್ತು. ಟೂ-ಸ್ಟ್ರೋಕಿನ ಗುಟ್ಟು ಇಲ್ಲೇ ಇರೋದು. ನನ್ನ ಇಂಜಿನ್ನಿನಂಥದ್ದಕ್ಕೆ ಆಯಿಲ್ ಬೇರೆ ದಾರಿಯಿಂದ ಬರೋದಿಲ್ಲ, ಪೆಟ್ರೋಲಿನ ಜೊತೆಗೇ ಬರಬೇಕು. ಪೆಟ್ರೋಲ್ ಕಮ್ಮಿ ಆದರೆ ಆಯಿಲ್ಲೂ ಕಮ್ಮಿ, ಒಳಗಿನ ಬಿಸಿಯೂ ಜಾಸ್ತಿ. ಸಾಯೋ ಮುಂಚೆ ಅದು ಚುರುಕಾಗಿ ಓಡುತ್ತೆ. ನಾನು ಆರೋಗ್ಯ ಅಂದುಕೊಂಡದ್ದು ಜ್ವರ.

ಸಿಲಿಂಡರ್ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಆಮೇಲಿಂದ ತಪ್ಪಿಸದೆ ಮಾಡೋದು ಇಷ್ಟು:

ನನ್ನ ಇಂಜಿನ್ನಿಗೆ ಹೇಳಿರೋದು 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಕಣ್ಣಳತೆ ಇಲ್ಲ, ಅಳತೆ ಲೋಟವೇ. ಆಯಿಲ್ ಕೂಡ ನೀರಿನಿಂದ ತಣಿಯುವ ಇಂಜಿನ್ನಿಗೆ ಮಾಡಿದ ಟಿಸಿ-ಡಬ್ಲ್ಯೂ3. ಕಳೆ ಹೊಡೆಯುವ ಮಷಿನ್ನಿನ ಆಯಿಲ್ ಇದಕ್ಕಲ್ಲ, ಇದರದ್ದು ಅದಕ್ಕಲ್ಲ.

ಉಪ್ಪುನೀರಿನಿಂದ ಬಂದ ದಿನ ಬಾವಿ ನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸ್ತೇನೆ. ಉಪ್ಪು ಒಳದಾರಿ ಕಟ್ಟಿಬಿಟ್ಟರೆ ಇಂಜಿನ್ ತಣಿಯಲ್ಲ. ಪಕ್ಕದ ತೂತಿನಿಂದ ನೀರು ಚಿಮ್ಮೋದು ಸಣ್ಣದಾದರೆ ಅಲ್ಲೇ ನಿಲ್ಲಿಸಿ. ಪಂಪಿನ ರಬ್ಬರ್ ಚಕ್ರ ವರ್ಷಕ್ಕೊಮ್ಮೆ ಹೊಸದು.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಂದು ಇದ್ದರೆ ಸರಿ. ಕಪ್ಪು ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಿದ್ದರೆ ಹೆದರಿ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತೆ. ನೀರು ಹೆಚ್ಚಾದರೆ ಎರಡೂ ಸೇರಿ ಕ್ಯಾನಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ, ಇಂಜಿನ್ ಹೀರೋದು ತಳದಿಂದ. ಅದಕ್ಕೇ ವಾರಕ್ಕೆ ಬೇಕಾದಷ್ಟೇ ಕಲಸ್ತೇನೆ.

ಮಳೆಗಾಲಕ್ಕೆ ಇಡುವಾಗ ಕಾರ್ಬೊರೇಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಪೆಟ್ರೋಲ್ ಪೂರ್ತಿ ಇಳಿಸ್ತೇನೆ. ಪೆಟ್ರೋಲ್ ಮುಗಿದು ತಾನಾಗಿ ನಿಲ್ಲೋವರೆಗೆ ಓಡಿಸೋರಿದ್ದಾರೆ, ನನಗೆ ಧೈರ್ಯ ಇಲ್ಲ. ಕೊನೆಯ ಆ ಕ್ಷಣಗಳಲ್ಲೂ ಆಯಿಲ್ ಕಮ್ಮಿಯೇ. ಆಮೇಲೆ ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಹಗ್ಗವನ್ನ ನಿಧಾನ ನಾಲ್ಕು ಸಲ ಎಳೆಯೋದು. ತುಕ್ಕು ಹಿಡಿಯಲ್ಲ.

ದೋಣಿ ಇಲ್ಲದವರೂ ನಿಮ್ಮ ಟೂ-ಸ್ಟ್ರೋಕ್ ಸ್ಪ್ರೇಯರನ್ನ, ಕಳೆ ಮಷಿನ್ನನ್ನ ಒಮ್ಮೆ ನೋಡಿ. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಉಂಟಾ?

ಅಪ್ಪನಿಗೆ ಈಗ ಕಿವಿ ಮಂದ. ಆದರೂ ದೋಣಿ ಹತ್ತಿದರೆ ಇಂಜಿನ್ ಪಕ್ಕವೇ ಕೂತು ಹಲಗೆ ಮೇಲೆ ಅಂಗೈ ಇಡ್ತಾರೆ. ಅವರು ಕೈ ಎತ್ತಿದರೆ ನಾನು ಕೇಳದೆ ನಿಲ್ಲಿಸ್ತೇನೆ. ಹುಟ್ಟು ಈಗ ಎರಡಿವೆ.