ಹಳೇ ಬಿಸ್ಕತ್ ಬೋರ್ಡಿಗೆ ವಯಸ್ಸೆಷ್ಟು?

ನಮ್ಮ ಕಡೆ ಹಳೇ ಕಿರಾಣಿ ಅಂಗಡಿ ಕಂಡರೆ ನನ್ನ ಕಣ್ಣು ಮೊದಲು ಹೋಗೋದು ಬಾಗಿಲಿನ ಮೇಲಕ್ಕೆ. ಬಿಸ್ಕತ್ತು, ಪೆಪ್ಪರಮೆಂಟು, ಚಾಕ್ಲೇಟಿನ ತಗಡಿನ ಬೋರ್ಡ್ ಏನಾದರೂ ಉಳಿದಿದೆಯಾ ಅಂತ ನೋಡುತ್ತೇನೆ. ನಾಲ್ಕು ವರ್ಷಗಳಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿ ಇಂಥ ಬೋರ್ಡ್‌ಗಳ ಫೋಟೊ ತೆಗೆಯುತ್ತಿದ್ದೇನೆ. ಗುಜರಿಗೆ ಹೊರಟಿದ್ದ ಆರು ಬೋರ್ಡ್‌ಗಳನ್ನು ಕೊಂಡು ಮನೆಯಲ್ಲಿಟ್ಟಿದ್ದೇನೆ. ನೋಡಿದವರು ಕೇಳೋದು ಒಂದೇ ಮಾತು: "ಇದು ಎಷ್ಟು ವರ್ಷ ಹಳೇದು?"

ಹೆಚ್ಚಿನ ಬೋರ್ಡ್‌ಗಳ ಮೇಲೆ ವರ್ಷ ಇರೋದಿಲ್ಲ. ಆದರೆ ಸಣ್ಣ ಅಕ್ಷರಗಳನ್ನು ಓದಿದರೆ ಗುಟ್ಟು ಹೊರಬೀಳುತ್ತದೆ.

ಮೊದಲು ಬೆಲೆ ನೋಡಿ. 1957ರ ಏಪ್ರಿಲ್‌ವರೆಗೆ ರೂಪಾಯಿಗೆ 16 ಆಣೆ, ಆಮೇಲೆ 100 ಪೈಸೆ. ಆ ಹೊಸ ಪೈಸೆಯನ್ನು 1964ರವರೆಗೆ 'ನಯಾ ಪೈಸೆ' ಅಂತಲೇ ಬರೆಯುತ್ತಿದ್ದರು. ₹ ಗುರುತು ಇದ್ದರೆ ಅದು 2010ರ ನಂತರದ್ದು.

ಎರಡನೆಯದು ವಿಳಾಸ. ಆರು ಅಂಕಿಯ ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು 'ಬಾಂಬೆ-57' ಅಂತ ಬರೆಯುತ್ತಿದ್ದರು. ಅದೇ ಮುಂದೆ 400057 ಆಯಿತು. 'ಮುಂಬೈ' ಅಂತಿದ್ದರೆ ಸಾಮಾನ್ಯವಾಗಿ 1995ರ ಈಚಿನದು.

ಮೂರನೆಯದು ಹೆಸರು. ಬ್ರಿಟಾನಿಯಾ ಬಿಸ್ಕತ್ ಕಂಪನಿ 1979ರಲ್ಲಿ ಬ್ರಿಟಾನಿಯಾ ಇಂಡಸ್ಟ್ರೀಸ್ ಆಯಿತು. ಪಾರ್ಲೆಯವರು 1939ರಿಂದ ಬಿಸ್ಕತ್ತು ಮಾಡುತ್ತಿದ್ದಾರೆ. ಅವರ 'ಪಾರ್ಲೆ ಗ್ಲೂಕೋ' 1980ರ ದಶಕದಲ್ಲಿ 'ಪಾರ್ಲೆ-ಜಿ' ಆಯಿತು. ಪೊಟ್ಟಣದ ಚಿತ್ರದಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ ಕಂಡರೆ ಅದು 2001ರಿಂದ ಈಚಿನದು.

ಬೋರ್ಡನ್ನು ಮುಟ್ಟಿಯೂ ನೋಡಬೇಕು. ಗಾಜಿನಂತೆ ನುಣ್ಣಗೆ, ಭಾರವಾಗಿದ್ದರೆ ಅದು ಎನಾಮಲ್. ಉಕ್ಕಿನ ತಗಡಿಗೆ ಗಾಜಿನ ಪುಡಿ ಬಳಿದು ಭಟ್ಟಿಯಲ್ಲಿ ಸುಮಾರು 800 ಡಿಗ್ರಿ ಕಾಯಿಸಿ ಮಾಡುತ್ತಿದ್ದರು. ಅದಕ್ಕೇ ಬಣ್ಣ ಮಾಸೋದಿಲ್ಲ. ಚಕ್ಕೆ ಎದ್ದ ಕಡೆ, ಮೊಳೆ ಹೊಡೆದ ಕಡೆ ಮಾತ್ರ ತುಕ್ಕು ಹಿಡಿಯುತ್ತದೆ. ಈಗ ಹೊಸ ಬೋರ್ಡನ್ನೇ ಹಳೇದು ಅಂತ ಮಾರುವವರಿದ್ದಾರೆ. ಮೊಳೆಯ ತೂತಿನ ಸುತ್ತ ಉಜ್ಜಿದ ಗುರುತಿಲ್ಲದೆ ಎಲ್ಲ ಕಡೆ ಒಂದೇ ಸಮ ತುಕ್ಕಿದ್ದರೆ ಅನುಮಾನ ಪಡಿ.

ಭಾಷೆ ನೋಡಿ ಅವಸರ ಮಾಡಬೇಡಿ. ನಿಜಾಮರ ಆಡಳಿತ ಭಾಷೆ ಉರ್ದು, ನಿಜ. ಹಾಗಂತ ಉರ್ದು ಇದ್ದಿದ್ದೆಲ್ಲ 1948ಕ್ಕಿಂತ ಹಿಂದಿನದಲ್ಲ. ನಮ್ಮ ಊರುಗಳಲ್ಲಿ ಇವತ್ತಿಗೂ ಉರ್ದು ಬೋರ್ಡ್ ಬರೆಸುತ್ತಾರೆ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ 1874ರಲ್ಲೇ ರೈಲು ಹಾದಿ ಆಗಿತ್ತು. ಮುಂಬೈ ಮಾಲೂ ಬಂತು, ಹೈದರಾಬಾದ್ ಮಾಲೂ ಬಂತು. ಹಿಂದಿ, ತೆಲುಗು ಬೋರ್ಡ್ ಸಿಕ್ಕರೆ ಆಶ್ಚರ್ಯವಿಲ್ಲ. ರೈಲಿಲ್ಲದ ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ನನಗೆ ಸಿಕ್ಕಿದ್ದು ಎರಡೇ ಬೋರ್ಡ್.

ಇಷ್ಟೆಲ್ಲ ಓದಿದರೂ ತಿಳಿಯೋದು ಬೋರ್ಡ್ ಯಾವಾಗ ಅಚ್ಚಾಯಿತು ಅನ್ನೋದಷ್ಟೇ. ಅದು ಗೋಡೆಗೆ ಯಾವಾಗ ಏರಿತು ಅನ್ನೋದನ್ನು ಅಂಗಡಿಯವರೇ ಹೇಳಬೇಕು.

ಸೇಡಂ ತಾಲೂಕಿನ ಒಂದು ಹಳ್ಳಿಯಲ್ಲಿ ಗ್ಲೂಕೋ ಬಿಸ್ಕತ್ತಿನ ಬೋರ್ಡ್ ಇತ್ತು. ಕೆಳಗೆ 'ಬಾಂಬೆ-57' ಅಂತಿತ್ತು, ಪಿನ್‌ಕೋಡ್ ಇರಲಿಲ್ಲ. 1972ಕ್ಕಿಂತ ಹಿಂದಿನದು ಅಂತ ಬರೆದುಕೊಂಡು, ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನನ್ನು ಕೇಳಿದೆ.

"ಆ ದೊಡ್ಡ ಬರ ಬಿದ್ದಿತ್ತಲ್ಲ ತಮ್ಮಾ, ಅದರ ಮುಂದಿನ ವರ್ಷ ಹಚ್ಚಿದ್ದು. ಮಳಿ ಆತು, ಜ್ವಾಳ ಬಂತು, ಮಂದಿ ಕೈಯಾಗ ನಾಕು ರೊಕ್ಕ ಆಡಿದ್ವು. ಸೇಡಂ ಸಾವಕಾರ್ರು ಬಿಸ್ಕೀಟ್ ಡಬ್ಬಿ ಜೋಡಿ ಬೋರ್ಡೂ ಕೊಟ್ರು. ಅದಕ್ಕೂ ಮೊದಲು ಬಿಸ್ಕೀಟ್ ಅಂದ್ರ ಜ್ವರ ಬಂದವರಿಗಷ್ಟೇ."

ದೊಡ್ಡ ಬರ ಅಂದರೆ 1972ರದ್ದು. ಅಂದರೆ ಬರಕ್ಕೂ ಮೊದಲು ಅಚ್ಚಾದ ಬೋರ್ಡ್ ಸಾವಕಾರರ ಗೋದಾಮಿನಲ್ಲಿ ಬಿದ್ದಿದ್ದು, ಜನರ ಕೈಯಲ್ಲಿ ಕಾಸು ಬಂದ ಮೇಲೆ ಹಳ್ಳಿಗೆ ಬಂದಿದೆ. ಆ ಊರಲ್ಲಿ ಬಿಸ್ಕತ್ತು ರೋಗಿಯ ಕೈಯಿಂದ ಮಕ್ಕಳ ಕೈಗೆ ಬಂದ ವರ್ಷ ಅದು. ಯಾವ ಗೆಜೆಟಿಯರ್‌ನಲ್ಲೂ ಇಂಥದ್ದನ್ನು ಬರೆದಿಡೋದಿಲ್ಲ.

ಹೋದ ವರ್ಷ ಅಂಗಡಿ ಕೆಡವಿ ಶಟರ್ ಹಾಕಿದರು. ಶಹರದಿಂದ ಬಂದ ವ್ಯಾಪಾರಿ ಎರಡು ಸಾವಿರ ಕೊಟ್ಟು ಬೋರ್ಡ್ ಒಯ್ದರಂತೆ. ಅದರಲ್ಲಿ ತಪ್ಪೇನಿಲ್ಲ, ಅಂಗಡಿಯವರ ವಸ್ತು, ಅವರ ಖರ್ಚಿಗೆ ಆಯಿತು. ಆದರೆ ಯಾವುದೋ ಹೋಟೆಲ್ ಗೋಡೆಯ ಮೇಲೆ ಅದೀಗ ಬರೀ 'ಹಳೇ ಬೋರ್ಡ್'. ಮುತ್ಯಾನೂ ಈಗಿಲ್ಲ. ನನ್ನ ಫೋನಿನಲ್ಲಿ ಅವರು ಮಾತಾಡಿದ ನಾಲ್ಕು ನಿಮಿಷ ಮಾತ್ರ ಉಳಿದಿದೆ.

ಹಾಗಾಗಿ ಈಗ ನಾನು ಬೋರ್ಡ್ ಕೊಳ್ಳೋದಕ್ಕಿಂತ ಮಾತು ಕೂಡಿಸೋದೇ ಹೆಚ್ಚು. ನಿಮ್ಮೂರಲ್ಲೂ ಇಂಥದ್ದೊಂದು ಬೋರ್ಡ್ ಇರಬಹುದು. ಮೂರು ಫೋಟೊ ತೆಗೆಯಿರಿ: ಇಡೀ ಅಂಗಡಿಯದು, ಬೋರ್ಡಿನದು, ಕೆಳಗಿನ ಸಣ್ಣ ಅಕ್ಷರಗಳದು. ಆಮೇಲೆ ಅಂಗಡಿಯ ಹಿರಿಯರ ಪಕ್ಕ ಕೂತು, ರೆಕಾರ್ಡ್ ಮಾಡಲಾ ಅಂತ ಕೇಳಿ, ಇದನ್ನು ಯಾವಾಗ ಹಚ್ಚಿದಿರಿ ಅಂತ ಕೇಳಿ. ಇಸವಿ ನೆನಪಿಲ್ಲ ಅಂದರೆ ಬಿಡಬೇಡಿ. ಯಾರ ಲಗ್ನದ ವರ್ಷ, ಯಾವ ಬರದ ವರ್ಷ, ಊರಿಗೆ ಕರೆಂಟು ಬರೋಕೆ ಮೊದಲಾ ಆಮೇಲಾ ಅಂತ ಕೇಳಿ. ಬೋರ್ಡ್ ಇನ್ನೂ ಸ್ವಲ್ಪ ದಿನ ಕಾಯಬಹುದು. ಕಟ್ಟೆಯ ಮೇಲೆ ಕೂತವರನ್ನು ಈ ವಾರವೇ ಕೇಳಿ.