ಹಳೇ ಮನೆ, ಎರಡು ಸಾಲ

ತಿರುವನಂತಪುರದಲ್ಲಿ ಹನ್ನೆರಡು ವರ್ಷ ಬಾಡಿಗೆ ಮನೆ. 2018ರ ಆರಂಭದಲ್ಲಿ ಕೊಚ್ಚಿಗೆ ವರ್ಗವಾದಾಗ ನನ್ನಾಕೆ, "ಇನ್ನು ಸಾಮಾನು ಕಟ್ಟಲ್ಲ" ಅಂದಳು. ಮಟ್ಟಾಂಚೇರಿಯಲ್ಲಿ ಹಳೇ ಹೆಂಚಿನ ಮನೆ ಸಿಕ್ಕಿತು, 28 ಲಕ್ಷಕ್ಕೆ. ಹೆಂಚೊಂದನ್ನು ತಿರುಗಿಸಿದರೆ ಮಂಗಳೂರಿನ ಮುದ್ರೆ! ಅಲ್ಲೇ ಸೋತುಬಿಟ್ಟೆ ನೋಡಿ.

ವ್ಯಾಲ್ಯೂಯರ್ ಸೋಲಲಿಲ್ಲ. ಹಳೇ ಕಟ್ಟಡ ಅಂತ 25 ಲಕ್ಷ ಬರೆದರು. ಅದರ ಶೇಕಡಾ 90, ಅಂದರೆ 22.50 ಲಕ್ಷ ಸಾಲ. ಉಳಿದ ಐದೂವರೆ ಕೈಯಿಂದ. ಕೇರಳದಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇಕಡಾ 8, ನೋಂದಣಿ 2. ಅದು ಸಾಲದ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ 2.80 ಲಕ್ಷ ಹೋಗಿ ಉಳಿತಾಯ ಖಾಲಿ.

ರಿಪೇರಿಗೆ ಬೇರೆ ಸಾಲ. ಇಂಜಿನಿಯರ್ ಎಸ್ಟಿಮೇಟು 6 ಲಕ್ಷ, ಸಿಕ್ಕಿದ್ದು 4.80, ಅದೂ ಕೆಲಸ ಆದ ಹಾಗೆ ಕಂತುಕಂತಾಗಿ. ಮಾಡು ಬಿಚ್ಚಿದರೆ ಪಕಾಸಿಗಳೆಲ್ಲ ಗೆದ್ದಲು ತಿಂದ ಪುಡಿ. ಖರ್ಚು 9 ಲಕ್ಷ ಮುಟ್ಟಿತು. ಎಸ್ಟಿಮೇಟಿನಲ್ಲಿಲ್ಲದ ಗೆದ್ದಲಿಗೆ ಸಾಲ ಹುಟ್ಟುವುದಿಲ್ಲ ಅಂತ ಎಷ್ಟು ಗಿರಾಕಿಗಳಿಗೆ ನಾನೇ ಹೇಳಿದ್ದೆನೋ! ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿದ್ದ ಹಾಗಾಯ್ತು. ಜೂನ್ ಮಳೆ, ತಲೆ ಮೇಲೆ ಟಾರ್ಪಾಲು. ಅವಳು ಮಾತಾಡದೆ ಬಳೆ ಬಿಚ್ಚಿ ಟೇಬಲ್ ಮೇಲಿಟ್ಟಳು, ಮದುವೆಗೆ ಅವಳಮ್ಮ ಕೊಟ್ಟದ್ದು. ಅಡವಿಟ್ಟು ಬಡಗಿಗೆ ಕೊಟ್ಟೆ.

ಹಾಂ, ತೆರಿಗೆ ವಿಷಯ. ಹಳೇ ಪದ್ಧತಿಯಲ್ಲಿ, ನಾವೇ ವಾಸವಿರುವ ಮನೆ ಕೊಂಡ ಸಾಲದ ಬಡ್ಡಿಗೆ 2 ಲಕ್ಷದವರೆಗೆ ಕಡಿತ ಇದ್ದರೆ, ರಿಪೇರಿ ಸಾಲದ ಬಡ್ಡಿಗೆ 30 ಸಾವಿರ ಮಾತ್ರ, ಅದೂ ಆ 2 ಲಕ್ಷದೊಳಗೇ.

ಬಳೆ ಬಿಡಿಸಲು ಎರಡು ವರ್ಷ ಬೇಕಾಯಿತು. ಅವಳು ತೊಡಲಿಲ್ಲ, ಬೀರುವಿನಲ್ಲಿಟ್ಟಳು. "ಹಿಂದಿನ ಕೋಣೆಯ ಮಾಡು ಇನ್ನೂ ಬಿಚ್ಚಿಲ್ಲವಲ್ಲ" ಅಂತಾಳೆ.