ಅರಿಶಿನ ಕುಂಕುಮದ ಸಹಿ

ಹೆಣ್ಣುಮಕ್ಕಳ ಸಹಿಗೆ ನಮ್ಮ ಕಡೆ ಬೆಲೆ ಬರುವುದು ಬಾಳಿನಲ್ಲಿ ಸಾಮಾನ್ಯವಾಗಿ ಒಂದೇ ಸಲ. ಮದುವೆಗೆ ಅವಳ ಒಪ್ಪಿಗೆ ಕೇಳದವರು, ಮನೆ ಕಟ್ಟಿಸುವಾಗ ಅಡುಗೆಮನೆ ಯಾವ ಮೂಲೆಗಿರಲಿ ಎಂದು ಕೇಳದವರು, ತಂದೆ ತೀರಿಕೊಂಡ ಮೇಲೆ ಕಾರು ಮಾಡಿಕೊಂಡು ಅವಳ ಬಾಗಿಲಿಗೆ ಬರುತ್ತಾರೆ. ಹೂವು, ಬಾಳೆಹಣ್ಣು, ಕುಪ್ಪಸದ ಕಣ ತರುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳಿಗೊಂದು ಕುರ್ಚಿ ಸಿಗುತ್ತದೆ, ಎಳನೀರು ಸಿಗುತ್ತದೆ. ಹೆಬ್ಬೆರಳು ಒತ್ತಿ, ಫೋಟೋಗೆ ಮುಖ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅವಳು ಹೊರಗೆ ಬರುತ್ತಾಳೆ. ಕೈಯಲ್ಲೊಂದು ಸೀರೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ. ಪತ್ರದಲ್ಲಿ ಮಾತ್ರ 'ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ' ಎಂದು ಬರೆದಿರುತ್ತದೆ. ವರ್ಷಗಟ್ಟಲೆ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ನಕಲು ಹೊಡೆದ ವಾಕ್ಯ ದೂರದಿಂದಲೇ ಗೊತ್ತಾಗುತ್ತದೆ.

ಸಮಾಜ ವಿಜ್ಞಾನ ಕಲಿಸುವವಳಾದ್ದರಿಂದ ಈ ಕಟ್ಟುಪಾಡಿನ ಬೇರು ಎಲ್ಲಿದೆ ಎಂದು ಹುಡುಕಿದ್ದುಂಟು. ಹುಡುಕುತ್ತ ಹೋದರೆ ತಿರುಗಿ ನಮ್ಮ ನಾಡಿಗೇ ಬರಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಮಾತಿಗೆ ಕೋರ್ಟುಗಳು ಆಧಾರವಾಗಿ ಹಿಡಿದದ್ದು ಅದನ್ನೇ. ಆದರೆ ಅದೇ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಬಹಳ ವಿಸ್ತಾರ ಮಾಡಿದವನು. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳ ಸ್ವಂತದ್ದೇ ಎಂದ. ನಮ್ಮವರು ಮೊದಲನೆಯದನ್ನು ಬಾಯಿಪಾಠ ಮಾಡಿದರು, ಎರಡನೆಯದರ ಹಾಳೆ ತಿರುವಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ ಮಗಳಿಗೂ ಪಾಲು ಬಂತೆಂದು ಹೇಳುತ್ತಾರೆ. ಬಂತು, ಆದರೆ ಲೆಕ್ಕ ನೋಡಿ. ತಾಯಿ ಇಲ್ಲದ ಒಂದು ಮನೆ. ತಂದೆ, ಒಬ್ಬ ಮಗ, ಒಬ್ಬ ಮಗಳು. ಪಿತ್ರಾರ್ಜಿತ ನಾಲ್ಕು ಎಕರೆ. ತಂದೆ ಸತ್ತರೆ ಮೊದಲು ತಂದೆಗೂ ಮಗನಿಗೂ ಎರಡೆರಡು ಎಕರೆ ಎಂದು ಲೆಕ್ಕದಲ್ಲಿ ಭಾಗ ಮಾಡಬೇಕು. ಆಮೇಲೆ ತಂದೆಯ ಎರಡು ಎಕರೆ ಮಕ್ಕಳಿಬ್ಬರಿಗೆ ಸಮ. ಮಗನಿಗೆ ಮೂರು, ಮಗಳಿಗೆ ಒಂದು. ಈ ಲೆಕ್ಕವನ್ನು ಒಮ್ಮೆ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬಿಡಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಮಿಸ್, ಆ ಒಂದನ್ನಾದರೂ ಯಾರು ಕೊಡ್ತಾರೆ?" ಎಂದ. ಹುಡುಗಿಯರು ನಕ್ಕರು. ನನಗೇನೂ ನಗು ಬರಲಿಲ್ಲ.

ಕರ್ನಾಟಕ ಸರ್ಕಾರ ಮಾಡಿದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು. ಆದರೆ ಅದಕ್ಕೆ ಮುಂಚೆ ಮದುವೆಯಾದವಳಿಗೆ ಇಲ್ಲ! ನನ್ನ ಮದುವೆ ಆದದ್ದು 1993ರ ಮೇ ತಿಂಗಳಲ್ಲಿ, ತಂಗಿಯದು 1997ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ಅವಳ ಹುಟ್ಟಿಗೆ ಹಕ್ಕು ಬಂತು, ನನ್ನ ಹುಟ್ಟು ಮದುವೆ ಚಪ್ಪರದಲ್ಲಿ ಕಳೆದುಹೋಯಿತು. ಇದನ್ನು ಕೇಳಿ ನಮ್ಮ ಮನೆಯವರು, "ಒಂದು ವರ್ಷ ತಡೆದಿದ್ದರೆ ನನಗೆ ತೋಟವಿರುವ ಹೆಂಡತಿ ಸಿಗುತ್ತಿದ್ದಳು" ಎಂದು ತಮಾಷೆ ಮಾಡುತ್ತಿದ್ದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಮದುವೆಯ ಗೆರೆಯನ್ನು ಅಳಿಸಿತು. ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಗೊಂದಲವೂ 2020ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಗಿಯಿತು, ಬದುಕಿರಬೇಕಾಗಿಲ್ಲ. ಇಷ್ಟಾದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಕಳೆ ಕೀಳುವವರನ್ನು ಎಣಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ನಮ್ಮ ಅಪ್ಪ ತೀರಿಕೊಂಡದ್ದು 2012ರಲ್ಲಿ. ತಿಪಟೂರು ಕಡೆಯ ತೆಂಗಿನ ತೋಟ, ಜೊತೆಗೆ ಒಂದಿಷ್ಟು ರಾಗಿ ಹೊಲ. ತಿಥಿ ಮುಗಿದ ತಿಂಗಳಿಗೆ ಅಣ್ಣ ಬಂದ. "ಖಾತೆ ಮಾಡಿಸಬೇಕು, ನೀವಿಬ್ಬರೂ ಒಂದು ಸಹಿ ಹಾಕಿಬಿಡ್ರವ್ವ" ಎಂದ. ತಂಗಿ ಹಾಕಿದಳು. ನಾನು ಸ್ವಲ್ಪ ದಿನ ಬೇಕು ಅಂದೆ. "ನಿನಗೇನು ಕಮ್ಮಿಯಾಗದೆಯವ್ವ? ಸಂಬಳ ಬರ್ತದೆ" ಎಂದ. ಅವನ ಮಾತಿನಲ್ಲಿ ಹುರುಳಿಲ್ಲದೇ ಇರಲಿಲ್ಲ. ಅಣ್ಣ ಲೆಕ್ಕದಲ್ಲಿ ನನಗಿಂತ ಚುರುಕು. ಒಬ್ಬನೇ ಗಂಡುಮಗ, ತೋಟ ನೋಡುವವರು ಬೇಕು ಎಂದು ಪಿಯುಸಿ ಅರ್ಧಕ್ಕೆ ಬಿಡಿಸಿದರು. ನಾನು ತೋಟಕ್ಕೆ ಬೇಡದವಳಾದ್ದರಿಂದ ಬಿ.ಎ., ಬಿ.ಎಡ್. ಮಾಡಿದೆ. ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಸದ್ದು ಕೊಡುವವರೆಗೆ ಕಾಯುವುದು, ಬೆಲೆ ಬಿದ್ದಾಗ ಸಾಲಗಾರರಿಗೆ ಮುಖ ತೋರಿಸುವುದು, ಅಪ್ಪನನ್ನು ಆಸ್ಪತ್ರೆಗೆ ಹೊತ್ತೊಯ್ಯುವುದು ಎಲ್ಲ ಅವನ ಪಾಲಿಗೆ ಬಂದದ್ದು. ಗಂಡಾಗಿ ಹುಟ್ಟಿದ್ದಕ್ಕೆ ಅವನೂ ಒಂದು ಬೆಲೆ ತೆತ್ತಿದ್ದಾನೆ. ಇದನ್ನು ಅವನಿಗೆ ಹೇಳಿದೆ ಕೂಡ. ಅವನು ಮಾತಾಡಲಿಲ್ಲ, ಟವೆಲಿನಲ್ಲಿ ಮುಖ ಒರೆಸಿಕೊಂಡ.

ಆದರೂ ನಾನು ಸಹಿ ಹಾಕಲಿಲ್ಲ. ಅದಕ್ಕೆ ಕಾರಣ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಗಂಡ ಬಿಟ್ಟ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಅದಕ್ಕೆ ನಾಲ್ಕು ವರ್ಷ ಮೊದಲು ಇದೇ ರೀತಿ ಸೀರೆ ಉಟ್ಟುಕೊಂಡು ಹೋಗಿ ಸಹಿ ಹಾಕಿದ್ದಳು. ಅಣ್ಣಂದಿರು ಕೆಟ್ಟವರೇನಲ್ಲ, ದನದ ಕೊಟ್ಟಿಗೆಯ ಪಕ್ಕ ಶೀಟು ಹಾಕಿಸಿ ಇರು ಎಂದರು. "ಟೀಚರೇ, ಹಬ್ಬಕ್ಕೆ ಬಂದಾಗ ನಾನು ಮನೆಮಗಳು, ಇರೋಕೆ ಬಂದಾಗ ನೆಂಟರವಳೂ ಅಲ್ಲ" ಎಂದಳು, ಅಕ್ಕಿ ಆರಿಸುತ್ತ, ತಲೆ ಎತ್ತದೆ. ಆ ಮಾತು ಕೇಳಿದ ಮೇಲೆ ನನ್ನ ಸಂಬಳದ ಲೆಕ್ಕ ನನಗೆ ಮುಖ್ಯವಾಗಿ ಕಾಣಲಿಲ್ಲ. ಪಾಲು ಬೇಕಾದವರಿಗೆ ಮಾತ್ರ ಎಂದಾದರೆ, ಕೇಳಿದವಳು ಗತಿಯಿಲ್ಲದವಳು ಎಂದೇ ಆಗುತ್ತದೆ. ಸಂಬಳ ಬರುವ ಟೀಚರೂ ಇಟ್ಟುಕೊಂಡರೆ ನಾಳೆ ಇನ್ನೊಬ್ಬಳಿಗೆ ಬಾಯಿ ಬರಬಹುದು.

ಇದರ ದಂಡವೂ ಇತ್ತು. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಮುಂದಿನ ಮೂರು ವರ್ಷವೂ ಬರಲಿಲ್ಲ. ಅತ್ತಿಗೆ ಮದುವೆ ಮನೆಯಲ್ಲಿ ಎದುರಾದರೆ ಪಂಕ್ತಿ ಬದಲಿಸುತ್ತಿದ್ದರು. ಅದೇ ಅತ್ತಿಗೆ ತಮ್ಮ ತವರಿನಲ್ಲಿ ಸಹಿ ಹಾಕಿ ಬಂದವರೆಂದು ಆಮೇಲೆ ತಿಳಿಯಿತು. ಅವರ ಕೋಪಕ್ಕೆ ಬರಿಯ ನಾನೊಬ್ಬಳೇ ಕಾರಣವಲ್ಲ ಎಂದು ಆಗ ಅನ್ನಿಸಿತು. ಬೀದಿಯ ಹೆಂಗಸರು, "ಓದಿದೋಳು ನೋಡು" ಎಂದರು. ಅವ್ವ ಫೋನಿನಲ್ಲಿ ಅಳುತ್ತಿದ್ದಳು, "ಮಣ್ಣು ಇಟ್ಕೊಂಡು ಬಾಗಿಲು ಕಳ್ಕೋಬೇಡ ಕಣವ್ವ" ಎನ್ನುತ್ತಿದ್ದಳು. ತವರಿನ ಬಾಗಿಲು ತೆರೆದಿರಲು ಅಷ್ಟು ಬೆಲೆ ಕೊಡಬೇಕಾದರೆ ಅದನ್ನು ತವರು ಎನ್ನುವುದು ಯಾಕೆ ಎಂದು ಕೇಳಬೇಕೆನ್ನಿಸುತ್ತಿತ್ತು. ಅವ್ವನಿಗೆ ಕೇಳುವ ಪ್ರಶ್ನೆಯಲ್ಲ ಅದು.

ಕೊನೆಗೆ ಅಣ್ಣನಿಗೆ ಬೋರ್‌ವೆಲ್ ಸಾಲಕ್ಕೆ ಖಾತೆ ಬೇಕೇ ಬೇಕಾಯಿತು. ಒಂದು ಭಾನುವಾರ ತಾನೇ ಬಂದ. ಜಂಟಿ ಖಾತೆ ಮಾಡಿಸೋಣ, ಸಾಗುವಳಿ ನೀನೇ ಮಾಡು, ನನ್ನ ಪಾಲಿನ ಫಸಲಿನಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಕೊಡು ಎಂದೆ. ತಂಗಿಯ ಕಡೆಯದು ಅವನಿಗೇ ಇರಲಿ, ಅದು ಅವಳ ಇಷ್ಟ. ಎರಡು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಪ್ಪಿದ. ನಾಲ್ಕು ವರ್ಷ ಹಿಡಿದದ್ದು ಆ ಎರಡು ಲೋಟಕ್ಕೆ.

ಹೊಸ ಪಹಣಿ ತೆಗೆದುಕೊಂಡು ಊರಿಗೆ ಹೋದೆ. ಅವ್ವನಿಗೆ ಓದಲು ಬರುವುದಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಆ ತೋಟದ ಕಸ ಬಳಿದವಳು. ಹೆಸರುಗಳನ್ನು ಓದಿ ಹೇಳಿದೆ. "ನಂದೂ ಬರ್ದವ್ರ?" ಎಂದಳು. ಮೊದಲನೆಯದೇ ನಿನ್ನದು ಎಂದೆ. ಎಲ್ಲಿ ಎಂದು ಕೇಳಿದಳು. ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದು, "ನಿಮ್ಮಣ್ಣಂಗೆ ಹೇಳು, ಬೇಲಿ ಕಡೆಯ ಎರಡು ಮರಕ್ಕೆ ಸುಳಿರೋಗ ಬಂದದೆ, ಔಷಧಿ ಹಾಕಿಸ್ಲಿ" ಎಂದಳು.